ಯುದ್ಧ ಆರಂಭಿಸಿದವರನ್ನು ಕಟಕಟೆಗೆ ತರಬಹುದೇ?

ಪ್ರಶ್ನೆ: ಯುದ್ಧದಲ್ಲಿ ನಾಗರಿಕರನ್ನು ಕೊಂದವರು, ಸೆರೆಯಾಳುಗಳನ್ನು ಹಿಂಸಿಸಿದವರು ಯುದ್ಧಾಪರಾಧಿಗಳಾಗುತ್ತಾರೆ ಎಂಬುದು ಗೊತ್ತು. ಆದರೆ ಇನ್ನೊಂದು ದೇಶದ ಮೇಲೆ ಆ ಯುದ್ಧವನ್ನೇ ಹೇರಿದ ನಾಯಕನ ಮೇಲೆ ಪ್ರತ್ಯೇಕ ಮೊಕದ್ದಮೆ ಹೂಡಬಹುದೇ? ಎರಡನೇ ಮಹಾಯುದ್ಧದ ಬಳಿಕ ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನಂತರ ಅಂಥದ್ದು ನಡೆದಂತೆ ಕಾಣುವುದಿಲ್ಲ. ಕಾನೂನೇ ಇಲ್ಲವೇ, ಅಥವಾ ಅದು ಸೋತವರಿಗೆ ಮಾತ್ರ ಇರುವ ಕಾನೂನೇ? ಯುದ್ಧಾಪರಾಧಗಳಿಗೆ ಶಿಕ್ಷೆ ಕೊಡಲು ಅವಕಾಶವಿರುವಾಗ ಇನ್ನೊಂದು ಅಪರಾಧದ ಅಗತ್ಯವಾದರೂ ಏನು?

ಉತ್ತರ: ಕಾನೂನಿದೆ. ಇನ್ನೊಂದು ದೇಶದ ಮೇಲೆ ಕಾನೂನುಬಾಹಿರವಾಗಿ ಯುದ್ಧ ಹೂಡುವುದನ್ನು ಅದು ‘ಆಕ್ರಮಣದ ಅಪರಾಧ’ ಎಂದು ಕರೆಯುತ್ತದೆ. ಬಲಿಷ್ಠ ದೇಶದ ನಾಯಕನನ್ನು ಆ ಕಾನೂನಿನಡಿ ವಿಚಾರಿಸುವ ಅಧಿಕಾರ ಹೆಚ್ಚಿನ ಸಂದರ್ಭಗಳಲ್ಲಿ ಯಾವ ನ್ಯಾಯಾಲಯಕ್ಕೂ ಇಲ್ಲ. ಅದೇಕೆ ಎಂದು ವಿವರಿಸುವ ಮೊದಲು ನಿಮ್ಮ ಕೊನೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತೇನೆ. ಅದಕ್ಕೆ ಸಮಾಧಾನಕರ ಉತ್ತರ ಸಿಗದಿದ್ದರೆ ಉಳಿದದ್ದೆಲ್ಲ ಬರಿಯ ವಕೀಲಿ ವಾದವಾಗಿಬಿಡುತ್ತದೆ.

ಯುದ್ಧಕ್ಕೆ ಸಂಬಂಧಿಸಿದ ಕಾನೂನಿನಲ್ಲಿ ಎರಡು ಭಾಗಗಳಿವೆ. ಬಲಪ್ರಯೋಗಕ್ಕೆ ಇಳಿಯುವ ಹಕ್ಕು ಯಾರಿಗೆ, ಯಾವಾಗ ಇದೆ ಎಂಬುದನ್ನು ಒಂದು ಭಾಗ ಹೇಳುತ್ತದೆ. ಕಾದಾಟ ಶುರುವಾದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇನ್ನೊಂದು ಹೇಳುತ್ತದೆ; ಜಿನೀವಾ ಒಪ್ಪಂದಗಳು ಬರುವುದು ಇಲ್ಲಿ. ಈ ಎರಡನೆಯ ಭಾಗವು ಯುದ್ಧ ಆರಂಭಿಸಿದ್ದು ಯಾರು ಎಂದು ಕೇಳುವುದೇ ಇಲ್ಲ. ಬೇಕೆಂದೇ ಕೇಳುವುದಿಲ್ಲ. ಕೇಳುವಂತಿದ್ದರೆ ಎರಡೂ ಕಡೆಯವರು ‘ನ್ಯಾಯ ನಮ್ಮ ಪಾಲಿಗಿದೆ’ ಎಂದು ಹೇಳಿಕೊಂಡು ಎದುರಾಳಿಯ ಗಾಯಾಳುಗಳಿಗೂ ಸೆರೆಯಾಳುಗಳಿಗೂ ರಕ್ಷಣೆ ನಿರಾಕರಿಸುತ್ತಿದ್ದರು. ಹಾಗಾಗಿ ಈ ಮೌನ ಜಾಣತನದ್ದೇ. ಆದರೆ ಅದರಿಂದ ಏನಾಗುತ್ತದೆ ನೋಡಿ.

ಒಂದು ದೇಶದ ಗಡಿ ಠಾಣೆಯಲ್ಲಿ ಸಮವಸ್ತ್ರದಲ್ಲಿರುವ ಸೈನಿಕನೊಬ್ಬ ಕಾವಲು ನಿಂತಿದ್ದಾನೆ. ಆ ದೇಶ ಯಾರ ತಂಟೆಗೂ ಹೋಗಿಲ್ಲ. ನೆರೆಯ ದೇಶದ ಸೇನೆ ನಸುಕಿನಲ್ಲಿ ಗಡಿ ದಾಟಿ ಬಂದು ಅವನನ್ನು ಗುಂಡಿಟ್ಟು ಕೊಲ್ಲುತ್ತದೆ. ಯುದ್ಧನಿಯಮಗಳ ಪ್ರಕಾರ ಇದು ಅಪರಾಧವಲ್ಲ. ಮುಂದೆ ಅದೇ ಸೇನೆ ಬ್ಯಾರಕಿನಲ್ಲಿ ಮಲಗಿದ್ದ ನೂರಾರು ಯುವಕರ ಮೇಲೆ ಕ್ಷಿಪಣಿ ಹಾಕಿದರೆ ಅದೂ ಅಪರಾಧವಲ್ಲ, ಅದು ಸೇನಾ ಗುರಿ. ಸೇನಾ ಗುರಿಯ ಪಕ್ಕದ ಮನೆಯಲ್ಲಿದ್ದ ಕುಟುಂಬ ಸತ್ತರೂ, ದಾಳಿಯಿಂದ ನಿರೀಕ್ಷಿಸಿದ್ದ ಸೇನಾ ಲಾಭಕ್ಕೆ ಹೋಲಿಸಿದಾಗ ಆ ಹಾನಿ ವಿಪರೀತವಲ್ಲ ಎಂದಾದರೆ, ಅದಕ್ಕೂ ಯಾರೂ ಹೊಣೆಗಾರರಲ್ಲ. ಅಂದರೆ ಒಂದೂ ಯುದ್ಧಾಪರಾಧ ಎಸಗದೆ, ನಿಯಮಗಳನ್ನು ಅಕ್ಷರಶಃ ಪಾಲಿಸಿಕೊಂಡು, ಹತ್ತಾರು ಸಾವಿರ ಜನರನ್ನು ಕೊಲ್ಲುವ ಯುದ್ಧ ನಡೆಸಲು ಸಾಧ್ಯವಿದೆ. ಆ ಸಾವುಗಳು ಕಾನೂನಿನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಕ್ರಮಣದ ಅಪರಾಧ ಮಾತ್ರ. ಆ ಕಾವಲು ಸೈನಿಕನನ್ನು ಕೊಂದದ್ದು ಅನ್ಯಾಯ, ಅದರ ಹೊಣೆ ಬಂದೂಕು ಹಿಡಿದವನದ್ದಲ್ಲ, ಕಳಿಸಿದವನದ್ದು ಎಂದು ಹೇಳುವ ಬಾಯಿ ಕಾನೂನಿಗೆ ಇರುವುದು ಅದೊಂದೇ. ದಾಳಿಗೆ ಹೋಗಿ ಸತ್ತ ಸೈನಿಕರ ತಾಯಂದಿರು ನ್ಯಾಯ ಕೇಳಲು ಅವಕಾಶವಿದ್ದರೆ ಅದೂ ಈ ಕಾನೂನಿನ ಮೂಲಕವೇ ಎಂದು ನಾನು ನಂಬುತ್ತೇನೆ.

ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಆಕ್ರಮಣಕಾರಿ ಯುದ್ಧವನ್ನು ಅತ್ಯುಚ್ಚ ಅಂತರರಾಷ್ಟ್ರೀಯ ಅಪರಾಧ ಎಂದು ಕರೆದದ್ದು ಈ ಅರ್ಥದಲ್ಲಿ. ಉಳಿದೆಲ್ಲ ದುಷ್ಕೃತ್ಯಗಳ ಕೆಡುಕು ಅದರೊಳಗೇ ಸೇರಿಕೊಂಡಿದೆ ಎಂದು ಅದು ಹೇಳಿತು.

ಅಲ್ಲಿಗೆ ತಲುಪಲು ಬಹಳ ಕಾಲ ಬೇಕಾಯಿತು. ಮೊದಲ ಮಹಾಯುದ್ಧದ ನಂತರ 1919ರ ವರ್ಸೇಲ್ಸ್ ಒಪ್ಪಂದದ 227ನೇ ವಿಧಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮನನ್ನು ವಿಚಾರಣೆಗೆ ಒಳಪಡಿಸಬೇಕು ಎಂದಿತ್ತು. ಆದರೆ ಅಲ್ಲಿ ಹೊರಿಸಿದ್ದು ಅಂತರರಾಷ್ಟ್ರೀಯ ನೈತಿಕತೆಗೂ ಒಪ್ಪಂದಗಳ ಪಾವಿತ್ರ್ಯಕ್ಕೂ ಎಸಗಿದ ಅಪಚಾರವನ್ನು. ಯುದ್ಧ ಹೂಡುವುದು ಅಪರಾಧ ಎಂದು ಹೇಳುವ ಕಾನೂನು ಆಗ ಇರಲಿಲ್ಲ. ಆಶ್ರಯ ಕೊಟ್ಟಿದ್ದ ನೆದರ್ಲೆಂಡ್ಸ್ ಅವನನ್ನು ಒಪ್ಪಿಸಲಿಲ್ಲ. 1941ರಲ್ಲಿ ಸಾಯುವವರೆಗೂ ಅವನು ಅಲ್ಲೇ ಇದ್ದ. 1928ರಲ್ಲಿ ಪ್ಯಾರಿಸ್‌ನಲ್ಲಿ ಸಹಿಯಾದ ಕೆಲ್ಲಾಗ್–ಬ್ರಿಯಾಂ ಒಪ್ಪಂದ ದೊಡ್ಡ ಹೆಜ್ಜೆ: ರಾಷ್ಟ್ರೀಯ ನೀತಿಯ ಸಾಧನವಾಗಿ ಯುದ್ಧವನ್ನು ಬಳಸುವುದಿಲ್ಲ ಎಂದು ಅರವತ್ತಕ್ಕೂ ಹೆಚ್ಚು ದೇಶಗಳು ಕ್ರಮೇಣ ಒಪ್ಪಿಕೊಂಡವು. ಜರ್ಮನಿ, ಜಪಾನ್, ಇಟಲಿ ಮೊದಲ ಸಹಿದಾರರ ಸಾಲಿನಲ್ಲೇ ಇದ್ದವು. ಆದರೆ ಒಪ್ಪಂದ ಮುರಿದ ವ್ಯಕ್ತಿಗೆ ಶಿಕ್ಷೆ ಏನು ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.

ನ್ಯೂರೆಂಬರ್ಗ್‌ನ ಇಡೀ ವಿವಾದ ಇರುವುದು ಈ ಇಲ್ಲದ ಸಾಲಿನಲ್ಲಿ. ಮಾಡಿದಾಗ ಅಪರಾಧವಲ್ಲದ ಕೃತ್ಯಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸಬಹುದೇ ಎಂದು ಪ್ರತಿವಾದಿಗಳ ವಕೀಲರು ಕೇಳಿದರು. ಬಹಳ ನ್ಯಾಯವಾದ ಪ್ರಶ್ನೆ. ನ್ಯಾಯಮಂಡಳಿ ಕೊಟ್ಟ ಉತ್ತರ ಹೀಗಿತ್ತು: ಯುದ್ಧನಿಯಮಗಳ ಬಗೆಗಿನ 1907ರ ಹೇಗ್ ಒಪ್ಪಂದದಲ್ಲೂ ಶಿಕ್ಷೆಯ ಮಾತಿಲ್ಲ, ಆದರೂ ಅದನ್ನು ಮುರಿದವರನ್ನು ನ್ಯಾಯಾಲಯಗಳು ಶಿಕ್ಷಿಸುತ್ತಲೇ ಬಂದಿವೆ, ಒಪ್ಪಂದಗಳನ್ನು ಮುರಿದು ನೆರೆಯವರ ಮೇಲೆ ಎರಗಿದವನಿಗೆ ತಾನು ಮಾಡುತ್ತಿರುವುದು ತಪ್ಪೆಂದು ಗೊತ್ತೇ ಇತ್ತು, ಅಂಥವನನ್ನು ಬಿಟ್ಟುಬಿಡುವುದೇ ಹೆಚ್ಚಿನ ಅನ್ಯಾಯ. ನನ್ನ ಮಟ್ಟಿಗೆ ಈ ತರ್ಕದ ಮೊದಲರ್ಧ ಗಟ್ಟಿ, ಉಳಿದರ್ಧ ನೈತಿಕವಾಗಿ ಬಲವಾದದ್ದು ಆದರೆ ಕಾನೂನಾಗಿ ಸಡಿಲ. ಹಾಗೆಂದು ಒಪ್ಪಿಕೊಳ್ಳುವುದರಿಂದ ಇಂದಿನ ಕಾನೂನಿಗೆ ಕುಂದೇನೂ ಇಲ್ಲ. 1946ರಲ್ಲಿ ಹೊಸದಾಗಿದ್ದದ್ದು ಇಂದು ಹೊಸದಲ್ಲ.

ಈ ವಿಚಾರಣೆ ನಿಜವಾಗಿ ನಡೆದದ್ದು ಹೇಗೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ‘ಯುದ್ಧ ಆರಂಭಿಸಿದ್ದು ಯಾರು ಎಂದು ಸಾಬೀತುಪಡಿಸಲು ಸಾಧ್ಯವೇ ಇಲ್ಲ’ ಎಂಬ ಮಾತನ್ನು ಬಹಳ ಜನ ನಂಬಿಕೊಂಡಿದ್ದಾರೆ. ನ್ಯೂರೆಂಬರ್ಗ್‌ನಲ್ಲಿ ಅದನ್ನು ಕಾಗದಪತ್ರಗಳಿಂದ ಸಾಬೀತುಪಡಿಸಲಾಯಿತು. 1937ರ ನವೆಂಬರ್ 5ರಂದು ಬರ್ಲಿನ್‌ನಲ್ಲಿ ಹಿಟ್ಲರ್ ತನ್ನ ಸೇನಾ ಮುಖ್ಯಸ್ಥರನ್ನೂ ವಿದೇಶಾಂಗ ಸಚಿವನನ್ನೂ ಕೂರಿಸಿಕೊಂಡು ಆಸ್ಟ್ರಿಯಾ ಮತ್ತು ಜೆಕೊಸ್ಲೊವಾಕಿಯಾಗಳನ್ನು ಬಲದಿಂದ ಕಬಳಿಸುವ ಯೋಜನೆಯನ್ನು ಬಿಡಿಸಿ ಹೇಳಿದ. ಸಭೆಯಲ್ಲಿದ್ದ ಸೇನಾ ಸಹಾಯಕ ಹೊಸ್‌ಬಾಕ್ ಐದು ದಿನಗಳ ನಂತರ ಅದರ ಟಿಪ್ಪಣಿಯನ್ನು ಬರೆದಿಟ್ಟ. ಆ ಟಿಪ್ಪಣಿ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಯಿತು. ಆ ಸಭೆಯಲ್ಲಿ ಯಾರು ಕೂತಿದ್ದರು ಎಂಬುದೇ ಕೆಲವರ ಹಣೆಬರಹವನ್ನು ನಿರ್ಧರಿಸಿತು. 1939ರ ಆಗಸ್ಟ್ 31ರ ರಾತ್ರಿ ಯುದ್ಧಕ್ಕೆ ನೆಪ ಒದಗಿಸಲು ಜರ್ಮನಿಯ ಗ್ಲೈವಿಟ್ಸ್ ರೇಡಿಯೊ ಕೇಂದ್ರದ ಮೇಲೆ ಪೋಲೆಂಡಿನವರೇ ದಾಳಿ ಮಾಡಿದಂತೆ ನಾಟಕವಾಡಿದ, ನಾಜಿ ಪಕ್ಷದ ಎಸ್‌ಎಸ್ ಪಡೆಯವನ ಪ್ರಮಾಣಪತ್ರವೂ ನ್ಯಾಯಾಲಯದ ಮುಂದೆ ಬಂತು.

ಆತ್ಮರಕ್ಷಣೆಯ ವಾದವನ್ನು ನಾರ್ವೆಯ ವಿಷಯದಲ್ಲಿ ಎತ್ತಲಾಯಿತು. ಬ್ರಿಟನ್ ಮತ್ತು ಫ್ರಾನ್ಸ್ ನಾರ್ವೆಯಲ್ಲಿ ಇಳಿಯುವುದರಲ್ಲಿದ್ದವು, ನಾವು ಅದನ್ನು ತಡೆಯಲು ಮೊದಲೇ ಹೋದೆವು ಎಂದು ನೌಕಾಪಡೆಯ ಮುಖ್ಯಸ್ಥನಾಗಿದ್ದ ರೇಡರ್‌ನ ಪರ ವಾದ. ಅದರಲ್ಲಿ ಪೂರ್ತಿ ಸುಳ್ಳಿರಲಿಲ್ಲ. ಮಿತ್ರರಾಷ್ಟ್ರಗಳ ಬಳಿ ಅಂಥ ಯೋಜನೆಗಳಿದ್ದವು. ನ್ಯಾಯಮಂಡಳಿ ಜರ್ಮನ್ ದಾಖಲೆಗಳನ್ನು ಪರಿಶೀಲಿಸಿ, ದಾಳಿಯ ಯೋಜನೆ ಹುಟ್ಟಿದ್ದು ನೆಲೆಗಳನ್ನು ವಶಪಡಿಸಿಕೊಳ್ಳಲೆಂದು, ತಕ್ಷಣದ ಅಪಾಯವನ್ನು ತಡೆಯಲೆಂದಲ್ಲ ಎಂದು ತೀರ್ಮಾನಿಸಿತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ತಾನು ಮಾಡಿದ್ದು ಆತ್ಮರಕ್ಷಣೆಯೇ ಎಂಬುದನ್ನು ಆಯಾ ದೇಶವೇ ಅಂತಿಮವಾಗಿ ತೀರ್ಮಾನಿಸುವಂತಿಲ್ಲ, ಅದು ತನಿಖೆಗೂ ತೀರ್ಪಿಗೂ ಒಳಪಡಬೇಕು. ಯುದ್ಧ ಹೂಡುವ ಪ್ರತಿಯೊಬ್ಬನೂ ಆತ್ಮರಕ್ಷಣೆ ಎಂದೇ ಹೇಳುತ್ತಾನಲ್ಲ, ಅದಕ್ಕೆ ಇಷ್ಟೇ ಉತ್ತರ. ಕೊಲೆ ಮೊಕದ್ದಮೆಯಲ್ಲಿ ಆರೋಪಿಯೂ ಅದನ್ನೇ ಹೇಳುತ್ತಾನೆ. ಅಷ್ಟಕ್ಕೇ ನ್ಯಾಯಾಲಯ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ.

ಇದು ಕಣ್ಣುಮುಚ್ಚಿ ಶಿಕ್ಷಿಸಿದ ವಿಚಾರಣೆಯೂ ಆಗಿರಲಿಲ್ಲ. ವಿಚಾರಣೆಗೊಳಗಾದ 22 ಮಂದಿಯಲ್ಲಿ ಆಕ್ರಮಣಕಾರಿ ಯುದ್ಧ ನಡೆಸಿದ ಆರೋಪದಲ್ಲಿ ತಪ್ಪಿತಸ್ಥರಾದವರು 12. ಜರ್ಮನಿಯ ಶಸ್ತ್ರೀಕರಣಕ್ಕೆ ಹಣ ಹೊಂದಿಸಿದ ಬ್ಯಾಂಕರ್ ಶಾಕ್ಟ್ ಖುಲಾಸೆಯಾದ. ಸೇನೆಯನ್ನು ಬಲಪಡಿಸುವುದೇ ಅಪರಾಧವಲ್ಲ, ಅದು ಆಕ್ರಮಣಕ್ಕಾಗಿ ಎಂದು ಅವನಿಗೆ ಗೊತ್ತಿತ್ತು ಎಂಬುದು ಸಾಬೀತಾಗಲಿಲ್ಲ ಎಂದು ಮಂಡಳಿ ಹೇಳಿತು. ನಾಜಿ ಪಕ್ಷದಲ್ಲಿ ಹಿಟ್ಲರನ ಉಪನಾಯಕನಾಗಿದ್ದ ರುಡಾಲ್ಫ್ ಹೆಸ್ ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳಿಂದ ಬಿಡುಗಡೆ ಹೊಂದಿ, ಆಕ್ರಮಣಕಾರಿ ಯುದ್ಧ ಮತ್ತು ಅದರ ಸಂಚಿಗಾಗಿ ಮಾತ್ರ ಜೀವಾವಧಿ ಶಿಕ್ಷೆ ಪಡೆದ. ಗಲ್ಲಿಗೇರಿದವರೆಲ್ಲರ ಮೇಲೂ ಬೇರೆ ಅಪರಾಧಗಳು ಸಾಬೀತಾಗಿದ್ದವು. ಅಂದರೆ ಯುದ್ಧ ಹೂಡಿದ್ದಕ್ಕಷ್ಟೇ ಆ ನ್ಯಾಯಾಲಯ ಯಾರನ್ನೂ ಗಲ್ಲಿಗೆ ಕಳಿಸಲಿಲ್ಲ.

ಈಗ ಸೋತವರ ಪ್ರಶ್ನೆ. ನ್ಯೂರೆಂಬರ್ಗ್‌ನ ಪೀಠದಲ್ಲಿ ಸೋವಿಯತ್ ನ್ಯಾಯಾಧೀಶರೂ ಇದ್ದರು. 1939ರ ಸೆಪ್ಟೆಂಬರ್ 17ರಂದು ಪೋಲೆಂಡಿಗೆ ಪೂರ್ವದಿಂದ ನುಗ್ಗಿದ್ದು ಸೋವಿಯತ್ ಒಕ್ಕೂಟ. ಅದೇ ವರ್ಷ ಫಿನ್ಲೆಂಡಿನ ಮೇಲೆ ಎರಗಿ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘದಿಂದ ಹೊರಹಾಕಿಸಿಕೊಂಡದ್ದೂ ಅದೇ. ಇದನ್ನು ಮರೆಮಾಚಿ ಈ ವಿಷಯದ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಲು ಬರುವುದಿಲ್ಲ. ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೊ ನ್ಯಾಯಮಂಡಳಿಯಲ್ಲಿ 11 ನ್ಯಾಯಾಧೀಶರ ಪೈಕಿ ಒಬ್ಬರಾಗಿದ್ದ ಭಾರತದ ರಾಧಾಬಿನೋದ್ ಪಾಲ್ ಅವರು ಸುದೀರ್ಘ ಭಿನ್ನ ತೀರ್ಪು ಬರೆದು, ಎಲ್ಲ ಆರೋಪಿಗಳೂ ಎಲ್ಲ ಆರೋಪಗಳಿಂದಲೂ ನಿರ್ದೋಷಿಗಳು ಎಂದರು. ಜಪಾನಿ ಸೇನೆಯ ಕ್ರೌರ್ಯವನ್ನು ಅವರು ಅಲ್ಲಗಳೆದಿರಲಿಲ್ಲ. ನಾನ್‌ಜಿಂಗ್‌ನಲ್ಲಿ ನಡೆದ ಹತ್ಯಾಕಾಂಡಕ್ಕೆ ಹೇರಳ ಸಾಕ್ಷ್ಯವಿದೆ ಎಂದೇ ಬರೆದರು. ಅವರ ವಾದ ಬೇರೆ: 1928ರ ಒಪ್ಪಂದ ಆತ್ಮರಕ್ಷಣೆ ಯಾವುದು ಎಂಬ ತೀರ್ಮಾನವನ್ನು ಆಯಾ ದೇಶಗಳಿಗೇ ಬಿಟ್ಟಿತ್ತು, ಆದ್ದರಿಂದ ಆಕ್ರಮಣಕಾರಿ ಯುದ್ಧ ಆಗ ಅಪರಾಧವಾಗಿರಲಿಲ್ಲ, ಯುದ್ಧದಿಂದಲೇ ವಸಾಹತುಗಳನ್ನು ಗಳಿಸಿದ ದೇಶಗಳು ಈಗಿರುವ ಗಡಿಗಳನ್ನು ಪವಿತ್ರವೆಂದು ಘೋಷಿಸಿದರೆ ಅದು ನ್ಯಾಯವಲ್ಲ. ಈ ಎರಡನೆಯ ಮಾತಿನ ಸತ್ಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಿಂದ ಅವರು ತಲುಪಿದ ತೀರ್ಮಾನವನ್ನು ಒಪ್ಪಲಾರೆ. ಒಬ್ಬ ಕಳ್ಳ ಸಿಕ್ಕಿಬೀಳಲಿಲ್ಲ ಎಂಬುದು ಸಿಕ್ಕಿಬಿದ್ದವನ ಬಿಡುಗಡೆಗೆ ಕಾರಣವಾಗದು. ಪಾಲ್ ಅವರ ಆಕ್ಷೇಪಕ್ಕೆ ಸರಿಯಾದ ಪರಿಹಾರವೆಂದರೆ ಎಲ್ಲರಿಗೂ ಒಂದೇ ಕಾನೂನು, ಎಲ್ಲರ ಮೇಲೂ ಅಧಿಕಾರವಿರುವ ನ್ಯಾಯಾಲಯ. ನ್ಯೂರೆಂಬರ್ಗ್‌ನಲ್ಲಿ ಅಮೆರಿಕದ ಮುಖ್ಯ ಅಭಿಯೋಜಕರಾಗಿದ್ದ ರಾಬರ್ಟ್ ಜಾಕ್ಸನ್ ಕೂಡ ತಮ್ಮ ಆರಂಭಿಕ ಭಾಷಣದಲ್ಲಿ, ಈ ಕಾನೂನು ಇಂದು ತೀರ್ಪು ಕೊಡಲು ಕುಳಿತಿರುವ ದೇಶಗಳಿಗೂ ಅನ್ವಯಿಸದಿದ್ದರೆ ಪ್ರಯೋಜನವಿಲ್ಲ ಎಂದಿದ್ದರು. ಆ ಮಾತನ್ನು ಉಳಿಸಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.

ಬಾಕಿ ಏಕೆ ಉಳಿಯಿತು? ಮೊದಲ ನೆಪ ವ್ಯಾಖ್ಯಾನದ್ದು. ವಿಶ್ವಸಂಸ್ಥೆಯ ಸನ್ನದು 1945ರಲ್ಲೇ ಬಲಪ್ರಯೋಗವನ್ನು ನಿಷೇಧಿಸಿ, ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ ಎಂಬ ಎರಡು ವಿನಾಯಿತಿಗಳನ್ನು ಮಾತ್ರ ಇಟ್ಟಿತ್ತು. ಆದರೆ ‘ಆಕ್ರಮಣ’ ಎಂದರೇನು ಎಂದು ಸಾಮಾನ್ಯ ಸಭೆ ಒಂದು ನಿರ್ಣಯಕ್ಕೆ ಬರಲು 1974ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು, ಅಂದರೆ ಐಸಿಸಿಯನ್ನು, ಸ್ಥಾಪಿಸಿದ 1998ರ ರೋಮ್ ಒಪ್ಪಂದದಲ್ಲಿ ಆಕ್ರಮಣದ ಹೆಸರಿತ್ತು, ವ್ಯಾಖ್ಯಾನ ಇರಲಿಲ್ಲ. ಅದು ಬಂದದ್ದು 2010ರಲ್ಲಿ, ಉಗಾಂಡದ ಕಂಪಾಲಾದಲ್ಲಿ ನಡೆದ ಸಮ್ಮೇಳನದಲ್ಲಿ. ಸೇನೆಯಿಂದ ದಾಳಿ, ಆಕ್ರಮಿಸಿಕೊಂಡು ಕೂರುವುದು, ಬಲದಿಂದ ಸೇರಿಸಿಕೊಳ್ಳುವುದು, ಬಾಂಬ್ ದಾಳಿ, ಬಂದರುಗಳಿಗೆ ದಿಗ್ಬಂಧನ, ಸಶಸ್ತ್ರ ಗುಂಪುಗಳನ್ನು ಛೂಬಿಡುವುದು ಮುಂತಾದವು ಆಕ್ರಮಣದ ಕೃತ್ಯಗಳು. ಅದು ಅಪರಾಧವಾಗಬೇಕಾದರೆ ಸ್ವರೂಪ, ತೀವ್ರತೆ, ಪ್ರಮಾಣಗಳನ್ನು ನೋಡಿದಾಗ ಸನ್ನದಿನ ಉಲ್ಲಂಘನೆ ಢಾಳಾಗಿ ಕಾಣುವಂತಿರಬೇಕು. ಗಡಿ ಚಕಮಕಿಗಳನ್ನೂ, ಕಾನೂನುಬದ್ಧತೆಯ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯ ಇರುವ ಪ್ರಕರಣಗಳನ್ನೂ ಹೊರಗಿಡಲು ಈ ಮಾತು. ಮತ್ತು ಒಂದು ದೇಶದ ರಾಜಕೀಯ ಅಥವಾ ಸೇನಾ ನಡೆಯನ್ನು ನಿಜವಾಗಿ ನಿಯಂತ್ರಿಸುವ ಅಥವಾ ನಿರ್ದೇಶಿಸುವ ಸ್ಥಾನದಲ್ಲಿರುವವರು ಮಾತ್ರ ಇದರ ಆರೋಪಿಗಳಾಗಬಲ್ಲರು. ಆಜ್ಞೆ ಪಾಲಿಸಿದ ಸೈನಿಕನಾಗಲಿ, ಕ್ಯಾಪ್ಟನ್ ಆಗಲಿ ಅಲ್ಲ. ಅಪರಾಧ ಕಾನೂನಿನಲ್ಲಿ ಸಾಮಾನ್ಯವಾಗಿ ಕೆಳಗಿನವರು ಮೊದಲು ಸಿಕ್ಕಿಬೀಳುತ್ತಾರೆ. ಇಲ್ಲಿ ಅವರನ್ನು ಹಿಡಿಯಲು ಅವಕಾಶವೇ ಇಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಅಧಿಕಾರವ್ಯಾಪ್ತಿಯಲ್ಲಿ. ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ನರಮೇಧ ಈ ಮೂರರಲ್ಲಿ ಕೃತ್ಯ ನಡೆದ ನೆಲ ಐಸಿಸಿಯ ಸದಸ್ಯ ದೇಶದ್ದಾಗಿದ್ದರೆ ಸಾಕು, ಆರೋಪಿ ಯಾವ ದೇಶದವನಾದರೂ ವಿಚಾರಿಸಬಹುದು. ಆಕ್ರಮಣಕ್ಕೆ ಮಾತ್ರ ಕಂಪಾಲಾದಲ್ಲಿ ಬೇರೆಯೇ ನಿಯಮ ಬರೆದರು. ಸದಸ್ಯವಲ್ಲದ ದೇಶದ ಪ್ರಜೆಗಳು ಮಾಡಿದ, ಅಥವಾ ಅದರ ನೆಲದಲ್ಲಿ ನಡೆದ ಆಕ್ರಮಣವನ್ನು ಐಸಿಸಿ ಮುಟ್ಟುವಂತಿಲ್ಲ. ಅಮೆರಿಕ, ರಷ್ಯಾ, ಚೀನಾ, ಭಾರತ ಯಾವುದೂ ಸದಸ್ಯವಲ್ಲ. ಸದಸ್ಯ ದೇಶಗಳಿಗೂ ಬೇಡವೆಂದು ಘೋಷಿಸಿ ಹೊರಗುಳಿಯುವ ಅವಕಾಶವಿದೆ. 2017ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಈ ಅಧಿಕಾರವನ್ನು ಜಾರಿಗೊಳಿಸುವ ನಿರ್ಧಾರವಾದಾಗ, ಬ್ರಿಟನ್ ಮತ್ತು ಫ್ರಾನ್ಸ್ ಪಟ್ಟುಹಿಡಿದು ಅದನ್ನು ಇನ್ನಷ್ಟು ಕಿರಿದಾಗಿಸಿದವು: ಕಂಪಾಲಾ ತಿದ್ದುಪಡಿಯನ್ನು ಅನುಮೋದಿಸದ ಸದಸ್ಯ ದೇಶಕ್ಕೂ ಅದು ಅನ್ವಯಿಸುವುದಿಲ್ಲ ಎಂದು ನಿರ್ಣಯದಲ್ಲಿ ಸೇರಿಸಲಾಯಿತು. ಇದು 2018ರ ಜುಲೈ 17ರಿಂದ ಜಾರಿಯಲ್ಲಿದೆ. ಉಳಿದಿರುವ ಇನ್ನೊಂದು ದಾರಿ ಭದ್ರತಾ ಮಂಡಳಿಯೇ ಪ್ರಕರಣವನ್ನು ಒಪ್ಪಿಸುವುದು. ಅಲ್ಲಿ ಐದು ದೇಶಗಳ ಕೈಯಲ್ಲಿ ವಿಟೊ ಇದೆ. ಈ ವ್ಯವಸ್ಥೆ ಅಕಸ್ಮಾತ್ತಾಗಿ ಹೀಗಾದದ್ದಲ್ಲ. ಯಾರು ಕಟಕಟೆಯಲ್ಲಿ ನಿಲ್ಲಬೇಕಾಗಿ ಬರಬಹುದೋ ಅವರೇ ಕೂತು ಬರೆದ ನಿಯಮ ಇದು, ಮತ್ತು ಅದನ್ನು ನಾಚಿಕೆಗೇಡು ಎನ್ನಲು ನನಗೆ ಹಿಂಜರಿಕೆಯಿಲ್ಲ.

ಉಕ್ರೇನಿನ ಪ್ರಕರಣ ಇದನ್ನು ಎಲ್ಲರ ಕಣ್ಣಮುಂದೆ ತಂದಿಟ್ಟಿತು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 141 ಮತಗಳಿಂದ ರಷ್ಯಾದ ಆಕ್ರಮಣವನ್ನು ಅದೇ ಹೆಸರಿನಿಂದ ಕರೆದು ಖಂಡಿಸಿತು. ಆದರೂ ಐಸಿಸಿ 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಪುಟಿನ್ ವಿರುದ್ಧ ಹೊರಡಿಸಿದ ಬಂಧನ ವಾರಂಟ್ ಮಕ್ಕಳನ್ನು ಕಾನೂನುಬಾಹಿರವಾಗಿ ಸಾಗಿಸಿದ ಯುದ್ಧಾಪರಾಧಕ್ಕೆ ಸಂಬಂಧಿಸಿದ್ದು. ಯುದ್ಧವನ್ನೇ ಹೂಡಿದ್ದರ ಬಗ್ಗೆ ಅದು ಏನನ್ನೂ ಹೇಳುವಂತಿಲ್ಲ. ಈ ಕೊರತೆ ತುಂಬಲು 2025ರ ಜೂನ್ 25ರಂದು ಉಕ್ರೇನ್ ಮತ್ತು ಯುರೋಪಿನ ದೇಶಗಳ ಮಾನವ ಹಕ್ಕುಗಳ ಸಂಸ್ಥೆಯಾದ ಯುರೋಪ್ ಮಂಡಳಿ ಸ್ಟ್ರಾಸ್‌ಬರ್ಗ್‌ನಲ್ಲಿ ವಿಶೇಷ ನ್ಯಾಯಮಂಡಳಿಯ ಒಪ್ಪಂದಕ್ಕೆ ಸಹಿ ಹಾಕಿದವು. ಆರೋಪಿಯ ಗೈರುಹಾಜರಿಯಲ್ಲೂ ವಿಚಾರಣೆ ನಡೆಸಲು ಅದರ ನಿಯಮಗಳಲ್ಲಿ ಅವಕಾಶವಿದೆ. ಆದರೆ ರಾಷ್ಟ್ರದ ಮುಖ್ಯಸ್ಥ, ಸರ್ಕಾರದ ಮುಖ್ಯಸ್ಥ, ವಿದೇಶಾಂಗ ಸಚಿವ ಈ ಮೂವರ ಮೇಲಿನ ಪ್ರಕ್ರಿಯೆ ಅವರು ಅಧಿಕಾರದಲ್ಲಿರುವವರೆಗೆ ಮುಂದುವರಿಯುವುದಿಲ್ಲ. ಐಸಿಸಿಯಿಂದ ಬೇರೆಯಾದ, ದೇಶಗಳ ನಡುವಿನ ವ್ಯಾಜ್ಯಗಳನ್ನು ನೋಡುವ ಅಂತರರಾಷ್ಟ್ರೀಯ ನ್ಯಾಯಾಲಯ 2002ರಲ್ಲಿ ಕಾಂಗೊ ಮತ್ತು ಬೆಲ್ಜಿಯಂ ನಡುವಿನ ಮೊಕದ್ದಮೆಯಲ್ಲಿ, ಅಧಿಕಾರದಲ್ಲಿರುವ ವಿದೇಶಾಂಗ ಸಚಿವನನ್ನು ಇನ್ನೊಂದು ದೇಶದ ನ್ಯಾಯಾಲಯ ಮುಟ್ಟುವಂತಿಲ್ಲ ಎಂದು ಕೊಟ್ಟ ತೀರ್ಪಿನ ನೆರಳು ಇದರ ಮೇಲಿದೆ. ಈ ವಿಶೇಷ ನ್ಯಾಯಮಂಡಳಿಯ ಬಗ್ಗೆ ಇರುವ ಇನ್ನೊಂದು ಆಕ್ಷೇಪವನ್ನೂ ಹೇಳಬೇಕು: 2003ರಲ್ಲಿ ಇರಾಕ್ ಮೇಲೆ ದಾಳಿಯಾದಾಗ ಅಂಥ ನ್ಯಾಯಮಂಡಳಿ ಬೇಕೆಂದು ಇದನ್ನು ಬೆಂಬಲಿಸುವ ದೇಶಗಳು ಕೇಳಲಿಲ್ಲ. ಆಕ್ಷೇಪ ನಿಜ. ಅದರಿಂದ ಉಕ್ರೇನಿನಲ್ಲಿ ಸತ್ತವರ ಹಕ್ಕು ಕಡಿಮೆಯಾಗುವುದಿಲ್ಲ, ಇರಾಕಿನಲ್ಲಿ ಸತ್ತವರಿಗೆ ಸಿಗಬೇಕಾದದ್ದು ಸಿಕ್ಕಂತೆಯೂ ಆಗುವುದಿಲ್ಲ.

ದೇಶಗಳ ಸ್ವಂತ ನ್ಯಾಯಾಲಯಗಳು ಏನು ಮಾಡಬಹುದು ಎಂದು ನೀವು ಕೇಳಿಲ್ಲ, ಆದರೆ ಅದು ತಿಳಿದಿರುವುದು ಒಳ್ಳೆಯದು. ಇರಾಕ್ ಯುದ್ಧದ ಮುನ್ನಾದಿನಗಳಲ್ಲಿ ಬ್ರಿಟನ್ನಿನ ಫೇರ್‌ಫರ್ಡ್ ವಾಯುನೆಲೆಗೆ ನುಗ್ಗಿ ವಾಹನಗಳಿಗೆ ಹಾನಿ ಮಾಡಿದ ಕೆಲವು ಹೋರಾಟಗಾರರು, ದೊಡ್ಡ ಅಪರಾಧವೊಂದನ್ನು ತಡೆಯಲು ಹಾಗೆ ಮಾಡಿದೆವು ಎಂದು ವಾದಿಸಿದರು. 2006ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಆಕ್ರಮಣವು ಅಂತರರಾಷ್ಟ್ರೀಯ ರೂಢಿಗತ ಕಾನೂನಿನಲ್ಲಿ ಅಪರಾಧವೇ ಹೌದು ಎಂದು ಒಪ್ಪಿತು. ಆದರೆ ಸಂಸತ್ತು ಕಾನೂನು ಮಾಡದೆ ಅದು ಇಂಗ್ಲೆಂಡಿನ ಒಳಗೆ ಅಪರಾಧವಾಗದು ಎಂದಿತು. ಜರ್ಮನಿ, ಉಕ್ರೇನ್ ಮುಂತಾದ ದೇಶಗಳ ದಂಡಸಂಹಿತೆಗಳಲ್ಲಿ ಅದು ಇದೆ. ಫಿನ್ಲೆಂಡ್ ಇನ್ನೂ ಮುಂಚೆಯೇ, 1945–46ರಲ್ಲಿ, ಯುದ್ಧದ ಹೊಣೆಗಾಗಿ ತನ್ನ ಮಾಜಿ ಅಧ್ಯಕ್ಷ ರಿಸ್ತೊ ರ‍್ಯುತಿಯನ್ನೂ ಇತರ ಏಳು ಮಂದಿಯನ್ನೂ ವಿಚಾರಣೆಗೆ ಒಳಪಡಿಸಿ ಶಿಕ್ಷೆ ಕೊಟ್ಟಿತು, ಆದರೆ ಸೋವಿಯತ್ ಒತ್ತಡಕ್ಕೆ ಮಣಿದು, ಅದಕ್ಕೆಂದೇ ಹಿಂದಿನ ದಿನಾಂಕಕ್ಕೆ ಅನ್ವಯಿಸುವ ಕಾನೂನು ಮಾಡಿ. ಅದನ್ನು ಮಾದರಿ ಎನ್ನಲು ನನಗೆ ಮನಸ್ಸಿಲ್ಲ.

ದೇಶವೊಂದು ಪರಿಹಾರ ಕಟ್ಟುವುದು ಬೇರೆ, ವ್ಯಕ್ತಿ ಶಿಕ್ಷೆ ಅನುಭವಿಸುವುದು ಬೇರೆ ಎಂಬುದನ್ನೂ ಗಮನಿಸಿ. ಕಾಂಗೊ ನೆಲದಲ್ಲಿ ಉಗಾಂಡ ಕಾನೂನುಬಾಹಿರವಾಗಿ ಬಲಪ್ರಯೋಗ ಮಾಡಿತು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2005ರಲ್ಲಿ ತೀರ್ಪಿತ್ತು, 2022ರಲ್ಲಿ 32.5 ಕೋಟಿ ಡಾಲರ್ ಪರಿಹಾರ ವಿಧಿಸಿತು. ಆ ಹಣವನ್ನು ತೆರುವವರು ಉಗಾಂಡದ ಜನಸಾಮಾನ್ಯರು. ಸೇನೆಯನ್ನು ಕಳಿಸಲು ನಿರ್ಧರಿಸಿದವರ ಹೆಸರಿನಲ್ಲಿ ಆ ತೀರ್ಪಿನಿಂದ ಯಾವ ಮೊಕದ್ದಮೆಯೂ ಹುಟ್ಟಲಿಲ್ಲ.

ಇನ್ನು ಮುಂದಿನದ್ದು. ಐಸಿಸಿಯ ನಿಯಮವನ್ನು ಸರಿಪಡಿಸುವುದು ಕಾನೂನು ರಚನೆಯ ದೃಷ್ಟಿಯಿಂದ ಕಷ್ಟವೇನಲ್ಲ. ಆಕ್ರಮಣಕ್ಕಾಗಿ ಹಾಕಿರುವ ವಿಶೇಷ ತಡೆಗಳನ್ನು ತೆಗೆದು, ಉಳಿದ ಮೂರು ಅಪರಾಧಗಳಿಗೆ ಇರುವ ನಿಯಮವನ್ನೇ ಇದಕ್ಕೂ ಅನ್ವಯಿಸಿದರೆ ಸಾಕು; ದಾಳಿಗೊಳಗಾದ ದೇಶ ಸದಸ್ಯವಾಗಿದ್ದರೆ ದಾಳಿಕೋರ ಎಲ್ಲಿಯವನೇ ಆಗಿರಲಿ, ಪ್ರಾಸಿಕ್ಯೂಟರ್ ತನಿಖೆ ಆರಂಭಿಸಬಹುದು. 2025ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಸದಸ್ಯ ದೇಶಗಳು ಇದಕ್ಕಾಗಿಯೇ ಮೂರು ದಿನ ಸಭೆ ಸೇರಿದವು. ಒಮ್ಮತ ಮೂಡಲಿಲ್ಲ. ವಿಷಯವನ್ನು 2029ರಲ್ಲಿ ಮತ್ತೆ ಎತ್ತಿಕೊಳ್ಳುವುದೆಂದು ಮುಂದೂಡಿದರು. 2029ರ ಆ ಸಭೆಯಲ್ಲಿ ಯಾವ ದೇಶ ಯಾವ ಕಡೆ ನಿಲ್ಲುತ್ತದೆ ಎಂಬುದನ್ನು ಗಮನವಿಟ್ಟು ನೋಡಿ. ಈ ಕಾನೂನು ಸೋತವರಿಗೆ ಮಾತ್ರವೇ ಎಂಬ ನಿಮ್ಮ ಪ್ರಶ್ನೆಗೆ ಸರ್ಕಾರಗಳು ಲಿಖಿತವಾಗಿ ಉತ್ತರ ಕೊಡುವುದು ಅಲ್ಲಿ.